ಕೊಬ್ಬರಿ ಧಾರಣೆಯ ಕೆಳಗಿನ ವಿಮರ್ಶೆ

ತಿಪಟೂರಿನ ಟಾಕೀಸಿನವರು ನಮ್ಮ ವಾರಪತ್ರಿಕೆಗೆ ಜಾಹೀರಾತು ಕೊಡುವುದನ್ನು ನಿಲ್ಲಿಸಿದ್ದರಿಂದ ನಾನು ವಿಡಿಯೋ ಗೇಮ್ ವಿಮರ್ಶಕನಾದೆ. ನಾನು ಬರೆದ ಒಂದು ಸಿನಿಮಾ ವಿಮರ್ಶೆ ಅವರಿಗೆ ಹಿಡಿಸಿರಲಿಲ್ಲ. ಸಂಪಾದಕರು ನನ್ನನ್ನು ಬೈಯಲಿಲ್ಲ. ತಿದ್ದುತ್ತಿದ್ದ ಪ್ರೂಫಿನಿಂದ ತಲೆ ಎತ್ತದೆ ಹೇಳಿದರು: "ಯಾರಿಗೂ ನೋವಾಗದಂಥಾ ವಿಷಯ ಹುಡುಕ್ಕಳಪ್ಪ. ಮಾರ್ಕೆಟ್ ಎದುರು ಅದೇನೋ ಟೀವಿ ಆಟದ ಅಂಗಡಿ ಬಂದೈತಲ್ಲ, ಅದರ ಬಗ್ಗೆ ಬರಿ. ಅದನ್ನ ಮಾಡಿದೋನು ಜಪಾನಲ್ಲಿರ್ತಾನೆ. ಅವನೇನು ಇಲ್ಲಿಗೆ ಬಂದು ಜಗಳ ತೆಗೆಯಾಕಿಲ್ಲ."

ಎಂಬತ್ತರ ದಶಕದ ಕೊನೆಯ ಭಾಗ. ವರ್ಷವನ್ನು ಹೇಳಬಹುದು, ಆದರೆ ಹೇಳಿದ ಕೂಡಲೇ ಉಳಿದದ್ದೆಲ್ಲ ಅದರ ಸುತ್ತ ಸಾಲಾಗಿ ಕೂತುಬಿಡುತ್ತದೆ. ಆ ಶಿಸ್ತಿನಲ್ಲಿ ನನಗೆ ನಂಬಿಕೆಯಿಲ್ಲ. ನನ್ನ ನೆನಪಿನಲ್ಲಿ ಆ ಆಟದ ಪೆಟ್ಟಿಗೆ ನೀಲಿ. ಸಂಪಾದಕರು ಕೊನೆಯವರೆಗೂ ಅದು ಹಸಿರು ಎಂದೇ ವಾದಿಸಿದರು. ಬಣ್ಣವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ.

ಅಂಗಡಿ ಕೊಬ್ಬರಿ ಮಾರುಕಟ್ಟೆಯ ಗೇಟಿನ ಎದುರಿಗಿತ್ತು. ಮೊದಲು ಅದು ಟೈಲರ್ ಅಂಗಡಿ. ಟೈಲರ್ ತೀರಿಕೊಂಡ ಮೇಲೆ ಅವನ ಹೆಂಡತಿ, ಸುಮಾರು ನನ್ನದೇ ವಯಸ್ಸಿನವಳು, ಬೆಂಗಳೂರಿನ ಒಬ್ಬ ಯಜಮಾನನಿಂದ ಆ ಪೆಟ್ಟಿಗೆಯನ್ನು ಪಾಲಿನ ಮೇಲೆ ತರಿಸಿ ಇಟ್ಟುಕೊಂಡಿದ್ದಳು. ಆಳೆತ್ತರದ ಮರದ ಪೆಟ್ಟಿಗೆ, ಅದರ ಎದೆಯಲ್ಲಿ ಟೀವಿ, ಟೀವಿಯ ಕೆಳಗೆ ಒಂದು ಹಿಡಿ, ಎರಡು ಗುಂಡಿ, ಕಾಸು ಹಾಕುವ ಸೀಳು. ಗಂಡ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆ ಈಗ ಸ್ಟೆಬಿಲೈಸರ್ ಕೂತಿತ್ತು. ಕರೆಂಟು ಏರಿಳಿದಾಗಲೆಲ್ಲ ಅದು ಟಕ್ಕೆಂದು ಸದ್ದು ಮಾಡುತ್ತಿತ್ತು, ಆಕೆ ಅತ್ತ ತಿರುಗಿ ನೋಡುತ್ತಿದ್ದಳು.

ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಆಕೆಗೆ ಅಣ್ಣ ಇದ್ದ. ತೋಟ, ಹೊಲ, ದನಕರು, ತುಂಬಿದ ಮನೆ. ಗಂಡನ ತಿಥಿ ಮುಗಿದ ದಿನವೇ ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದನಂತೆ. ಆಕೆ ಒಪ್ಪಿರಲಿಲ್ಲ. ಕೊನೆಗೆ ಅಣ್ಣ ತಂಗಿಯ ನಡುವೆ ಒಂದು ಮಾತಾಗಿತ್ತು. ಅದನ್ನು ಆಕೆ ನನಗೆ ಮೊದಲ ವಾರವೇ ಹೇಳಿದಳು, ಯಾವ ಮುಚ್ಚುಮರೆಯೂ ಇಲ್ಲದೆ: "ಮೆಷಿನ್ನು ಇರಾಗಂಟ ಇರು, ಮೆಷಿನ್ನು ಹೋದ ದಿನ ಹೊರಡು ಅಂದವ್ನೆ ನಮ್ಮಣ್ಣ. ಅಲ್ಲಿ ನಂಗೇನು ಕಮ್ಮಿ ಇಲ್ಲ ಕಣ್ರೀ, ಮೂರು ಹೊತ್ತು ಊಟ. ಆದ್ರೆ ಅತ್ತಿಗೆ ಹೇಳ್ದಾಗ ಏಳ್ಬೇಕು, ಅತ್ತಿಗೆ ಹೇಳ್ದಾಗ ಕೂರ್ಬೇಕು. ಇಲ್ಲಿ ಬಾಗ್ಲು ತೆಗೆಯೋಳೂ ನಾನೇ, ಹಾಕೋಳೂ ನಾನೇ."

ಅಂಗಡಿಗೆ ಬರುತ್ತಿದ್ದವರು ಮಕ್ಕಳಲ್ಲ. ಮಕ್ಕಳ ಕೈಯಲ್ಲಿ ಕಾಸಿರಲಿಲ್ಲ. ಬರುತ್ತಿದ್ದವರು ಕೊಬ್ಬರಿ ತಂದ ರೈತರು. ಟೆಂಡರ್ ದಿನ ಬೆಳಿಗ್ಗೆ ಚೀಲಗಳನ್ನು ಮಂಡಿಯಲ್ಲಿ ಇಳಿಸಿ ಬಾಯಿ ಬಿಚ್ಚಿ ಇಡುತ್ತಾರೆ. ಖರೀದಿದಾರರು ಸಾಲಾಗಿ ನೋಡಿಕೊಂಡು ಹೋಗಿ ಚೀಟಿ ಹಾಕುತ್ತಾರೆ. ಆಮೇಲೆ ಟೆಂಡರ್ ತೆರೆಯುವವರೆಗೆ ರೈತನಿಗೆ ಮಾಡಲು ಏನೂ ಕೆಲಸವಿಲ್ಲ. ಊರಿಗೂ ಹೋಗುವಂತಿಲ್ಲ, ಕಣ್ಣೂ ಮುಚ್ಚುವಂತಿಲ್ಲ. ಆ ಹೊತ್ತನ್ನು ಈ ಪೆಟ್ಟಿಗೆ ತಿನ್ನುತ್ತಿತ್ತು. ಪಂಚೆಯನ್ನು ಮೇಲೆತ್ತಿ ಕಟ್ಟಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮೊಮ್ಮಕ್ಕಳನ್ನು ಕಂಡವರು ಹಿಡಿ ಹಿಡಿದು ನಿಲ್ಲುತ್ತಿದ್ದರು.

ಅವರಲ್ಲಿ ಹುಳಿಯಾರು ಕಡೆಯ ಒಬ್ಬ ಹಿರಿಯರು ಮತ್ತು ಅವರ ಭಾವಮೈದ ನನಗೆ ಚೆನ್ನಾಗಿ ನೆನಪಿದ್ದಾರೆ. ಭಾವಮೈದ ಆಡುವುದು, ಹಿರಿಯರು ಹಿಂದೆ ನಿಂತು ನಡೆಸುವುದು.

"ಎಡಕ್ಕೆ ಹೋಗ್ಲಾ ಮೂಳ, ಎಡಕ್ಕೆ!"

"ಎಡಕ್ಕೇ ತಳ್ತಾ ಇವ್ನಿ ಕಣ್ ಭಾವ, ಅದೇ ಬತ್ತಿಲ್ಲ."

"ಅದ್ಯಾಕೆ ಬತ್ತದೆ, ನೀನು ಹೋರಿ ಹಗ್ಗ ಜಗ್ದಂಗೆ ಜಗ್ತೀಯ. ಈಗ ನೋಡು, ಸತ್ತೆ. ಸರಿ, ಈ ಕಡೆ ಬಾ."

ಆಗ ಇದ್ದದ್ದು ಯುದ್ಧದ ಆಟ. ಮೇಲಿಂದ ದಂಡು ಇಳಿಯುತ್ತದೆ, ಕೆಳಗಿಂದ ನಾವು ಹೊಡೆಯಬೇಕು. ವಿಮರ್ಶೆ ಬರೆಯಲು ಕೂತಾಗ ಮೊದಲ ತೊಂದರೆ ಗೊತ್ತಾಯಿತು. ಸಿನಿಮಾ ನಾನು ಚೆನ್ನಾಗಿ ನೋಡಲಿ, ಕೆಟ್ಟದಾಗಿ ನೋಡಲಿ, ಕೊನೆಯವರೆಗೆ ಓಡುತ್ತದೆ. ಈ ಆಟ ನನ್ನ ಕೈಯಲ್ಲಿ ಚಹಾ ಆರುವಷ್ಟು ಹೊತ್ತೂ ಓಡಲಿಲ್ಲ. ನಾನು ಓದಿ ಮುಗಿಸಲಾರದ ಪುಸ್ತಕದ ಬಗ್ಗೆ ಬರೆಯಬೇಕಾಗಿತ್ತು. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆ. ಮೊದಲು ನಾನೇ ಆಡಿ ಸೋಲುವುದು. ಸೋತ ಜಾಗವನ್ನು ಗುರುತಿಟ್ಟುಕೊಳ್ಳುವುದು. ಆಮೇಲೆ ಅದೇ ಜಾಗವನ್ನು ದಾಟುವವನ ಹಿಂದೆ ನಿಂತು, ಪರದೆಯನ್ನಲ್ಲ, ಅವನ ಕೈಯನ್ನು ನೋಡುವುದು. ಎರಡನೆಯ ತೊಂದರೆ ಭಾಷೆಯದು. ಕನ್ನಡದಲ್ಲಿ ಇದನ್ನು ಹೇಳುವ ಮಾತುಗಳೇ ಇರಲಿಲ್ಲ. ಹಿಡಿ, ಗುಂಡಿ, ಪರದೆ, ಮಹಡಿ ಎಂದು ಬರೆದು ಕೊಟ್ಟರೆ ಅಚ್ಚುಮೊಳೆ ಜೋಡಿಸುವವರು ಬಂದು ಕೇಳುತ್ತಿದ್ದರು: "ಇದು ಮನೆ ಕಟ್ಟೋ ವಿಷಯವಾ ಸಾರ್?"

'ಹೊಸ ಆಟ' ಎಂದು ಅಂಕಣಕ್ಕೆ ಹೆಸರಿಟ್ಟೆವು. ಬೆಂಗಳೂರಿನಲ್ಲಿ ಹಳತಾದದ್ದೇ ನಮ್ಮಲ್ಲಿ ಹೊಸತು, ಆ ಮಾತು ಬೇರೆ. ಮೂರನೇ ಪುಟದಲ್ಲಿ ಕೊಬ್ಬರಿ ಧಾರಣೆಯ ಕೆಳಗೆ ಜಾಗ ಸಿಕ್ಕಿತು. ಪತ್ರಿಕೆಯಲ್ಲಿ ಎಲ್ಲರೂ ಓದುತ್ತಿದ್ದದ್ದು ಆ ಧಾರಣೆಯನ್ನೊಂದೇ. ಯುದ್ಧದ ಆಟವನ್ನು ನಾನು ಕಟುವಾಗಿ ಬೈದೆ. ದಂಡು ಬರುವ ದಾರಿ, ಹೊತ್ತು, ಲೆಕ್ಕ ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಎರಡು ದಿನ ಆಡಿದವನು ಆಮೇಲೆ ಆಡುವುದಿಲ್ಲ, ಮಗ್ಗಿ ಒಪ್ಪಿಸುತ್ತಾನೆ. ಇದು ಯುದ್ಧವಲ್ಲ, ಕವಾಯತು ಎಂದು ಬರೆದೆ.

ಮುಂದಿನ ಟೆಂಡರ್ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಅದೇನು ಬರುದ್ರೋ ಏನೋ ಪೇಪರ್ನೋರೇ, ಅರಸೀಕೆರೆಯೋರೂ ಬಂದವ್ರೆ," ಎಂದು ಆಕೆ ನನಗೆ ಕಾಫಿ ತರಿಸಿದಳು. ನನಗೆ ಅವಮಾನವಾದಂತಾಯಿತು. ಜನ ನನ್ನ ಮಾತಿಗೆ ಬೆಲೆ ಕೊಡಲಿಲ್ಲ, ಬೇಕೆಂದೇ ವಿರುದ್ಧ ಮಾಡಿದರು ಎಂದುಕೊಂಡೆ. ಹೆಚ್ಚು ಹೊತ್ತು ಹಾಗೆ ಅಂದುಕೊಳ್ಳಲೂ ಆಗಲಿಲ್ಲ. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಮೆಕ್ಯಾನಿಕ್ ಒಳಗಿನ ಕಾಸಿನ ಡಬ್ಬಿಯನ್ನು ಎತ್ತಿ ತೂಗಿ ನೋಡಿ, ಆ ಆಟವಿದ್ದ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿಕೊಂಡ. ಓಡುವ ಆಟವನ್ನು ಇಷ್ಟು ಸಣ್ಣ ಊರಿನಲ್ಲಿ ಇಡುವುದು ದಂಡ, ಇದು ತುಮಕೂರಿಗೆ ಹೋಗುತ್ತದೆ ಎಂದ. ಅದರ ಬದಲು ಬೇರೊಂದು ಬೋರ್ಡು ಕೂರಿಸಿ ಹೋದ.

ಅದು ಗೂಡು ಕಟ್ಟುವ ಆಟ. ಒಂದು ಹಕ್ಕಿ, ಒಂದು ಬೋಳು ಕೊಂಬೆ, ಗಾಳಿ. ಕಡ್ಡಿ ಕಚ್ಚಿ ತಂದು ಇಡಬೇಕು. ಗಾಳಿ ಬೀಸುವ ದಿಕ್ಕು ನೋಡಿ ಇಡದಿದ್ದರೆ ಕಟ್ಟಿದ್ದೂ ಉದುರುತ್ತದೆ. ಕೊಲ್ಲುವ ಮಾತೇ ಇಲ್ಲ. ಎರಡು ವಾರ ಆಡಿದೆ. ಆ ಗಾಳಿಯನ್ನು ಯಾರು ಲೆಕ್ಕ ಹಾಕಿದರೋ, ಎರಡು ಸಲ ಒಂದೇ ರೀತಿ ಬೀಸುತ್ತಿರಲಿಲ್ಲ. ಇಲ್ಲಿ ಗೆಲುವೆಂದರೆ ಏನೂ ಬೀಳದೆ ಉಳಿಯುವುದು, ಅಷ್ಟೇ. ಇಂಥ ಆಟವನ್ನು ಕಂಡುಹಿಡಿದವನಿಗೆ ನಾನು ಋಣಿ ಎಂದು ಬರೆದೆ. ಆವರೆಗಿನ ನನ್ನ ಬರವಣಿಗೆಯಲ್ಲಿ ಅದೇ ಉತ್ತಮ ಎಂಬ ಹೆಮ್ಮೆಯೂ ಇತ್ತು.

ಯಾರೂ ಬರಲಿಲ್ಲ. ಹುಳಿಯಾರು ಕಡೆಯ ಹಿರಿಯರು ಬಾಗಿಲಿಗೆ ಬಂದು, ತಲೆ ಒಳಗೆ ಹಾಕಿ, ಹಿಂದಿದ್ದ ಭಾವಮೈದನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಪೇಪರ್ನಾಗೆ ಬೋ ಹೊಗಳವ್ರೆ ಕಣ್ಲಾ. ಏನೋ ಐಬೈತೆ. ನಡಿ, ನಡಿ."

ಮೆಕ್ಯಾನಿಕ್ ಬಂದ. ಡಬ್ಬಿ ಎತ್ತಿದ, ಅಲ್ಲಾಡಿಸಿದ. ಗೂಡಿನ ಆಟ ಗೋಡೌನಿಗೆ ಹೋಯಿತು. ಮೂರನೆಯದನ್ನು ಕೂರಿಸುತ್ತಾ ಆಕೆಗೆ ಹೇಳಿದ: "ಇದೇ ಕೊನೇದು ಮೇಡಂ. ಇದೂ ಓಡ್ದೆ ಕೂತ್ಕೊಂಡ್ರೆ ಪೆಟ್ಟಿಗೆ ಸಮೇತ ತಗೊಂಡ್ಬಾ ಅಂತ ಹೇಳವ್ರೆ ಯಜಮಾನ್ರು."

ಆ ಸಂಜೆ ಆಕೆ ನನಗೆ ಪಾಠ ಹೇಳಿದಳು. ಆಕೆಯ ಮಾವ ಮಂಡಿಯಲ್ಲಿ ಕೆಲಸ ಮಾಡಿದವರು. "ನೀವು ಮಂಡಿ ಒಳಗೆ ಹೋಗಿ ನೋಡೇ ಇಲ್ವಾ? ಸಾವ್ಕಾರ ಚೀಲದಾಗೆ ಕೈ ಹಾಕ್ತಾನೆ. ಅವನಿಗೆ ಮಾಲು ಬೇಕು ಅಂದ್ರೆ ಬಯ್ತಾನೆ. ಇದೇನಯ್ಯ ಕೊಬ್ರಿ, ಕಪ್ಪು, ಸುಕ್ಕು, ಇದನ್ಯಾರು ತಗಂತಾರೆ ಅಂತ. ಬೈದಾ ಅಂದ್ರೆ ತಗಂಡ ಅಂತ್ಲೇ ಅರ್ಥ. ಹೊಗಳೋನು ಯಾರು ಹೇಳಿ? ತಳ್ಬುಡಬೇಕು ಅಂತಿರೋ ದಲಾಲಿ. ಧಾರಣೆ ಕೆಳಗೆ ಬರದ್ರೆ ಜನ ಹಂಗೇ ಓದ್ತಾರೆ ಬುಡಿ."

"ಮೊದಲೇ ಹೇಳಬಾರದಿತ್ತೇನಮ್ಮ?"

"ಮೊದ್ಲು ನಂಗೂ ಹೊಳೀನಿಲ್ಲ. ಹೊಗಳಿದ್ದು ಓದಿ ನಾನೂ ಖುಷಿ ಪಟ್ಟೆ." ಆಮೇಲೆ, "ಈ ಸಲ ಬಯ್ಯಿರಿ. ಆದ್ರೆ ಹದವಾಗಿ ಬಯ್ಯಿರಿ. ಜಾಸ್ತಿ ಆದ್ರೆ ತುಮ್ಕೂರಿಗೆ ಹೊಯ್ತದೆ."

ಈ ಮಾತುಗಳು ನನ್ನ ನೆನಪಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಇರುವುದೇ ನನಗೆ ಅನುಮಾನ ತರಿಸುತ್ತದೆ. ಒಂದೇ ಸಂಜೆ ಹೇಳಿದಳೋ, ನಾಲ್ಕಾರು ಸಲ ಬಿಡಿಬಿಡಿಯಾಗಿ ಹೇಳಿದ್ದನ್ನು ನಾನು ಹೊಲಿದುಕೊಂಡೆನೋ ಗೊತ್ತಿಲ್ಲ. ಆದರೆ 'ಹದವಾಗಿ' ಎಂದದ್ದು ನಿಜ. ಆ ಮಾತಿಗೆ ನಾವಿಬ್ಬರೂ ನಕ್ಕೆವು. ಆಕೆ ಮೊದಲು ನಗು ನಿಲ್ಲಿಸಿದಳು.

ಮೂರನೆಯ ಆಟದ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ. ಪರದೆಯ ಮೇಲೆ ಬರುತ್ತಿದ್ದದ್ದು ಜಪಾನಿ ಅಕ್ಷರ. ಒಬ್ಬ ಮನುಷ್ಯ, ಕೈಯಲ್ಲಿ ದೀಪ. ಅವನು ಕತ್ತಲೆಯ ಉಗ್ರಾಣದಲ್ಲಿದ್ದಾನೆ. ದೀಪದ ಸುತ್ತಲಿನ ಒಂದು ಬಟ್ಟಲಿನಷ್ಟು ಜಾಗ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಕಪ್ಪಿನೊಳಗೆ ಇಲಿಗಳಿವೆ. ಇಲಿಗಳನ್ನು ಓಡಿಸುತ್ತಾ, ಚೆಲ್ಲಿದ ಕಾಳನ್ನು ಬಾಚುತ್ತಾ, ಎಣ್ಣೆ ಮುಗಿಯುವ ಮೊದಲು ಏಣಿ ಹುಡುಕಿ ಮೇಲಿನ ಮಹಡಿಗೆ ಹತ್ತಬೇಕು. ಪ್ರತಿ ಮಹಡಿಯಲ್ಲೂ ಎಲ್ಲೋ ಒಂದು ಕಡೆ ಎಣ್ಣೆಯ ಕುಡಿಕೆ ಇರುತ್ತದೆ.

ರೈತರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಕಾಯುವವರು ಅವರು. ಅಟ್ಟದ ಇಲಿ ಎಂದರೆ ಏನೆಂದು ಗೊತ್ತಿದ್ದವರು.

"ಅಗೋ, ಮೂಲೇಲಿ ಐತೆ, ಸದ್ದು ಬತ್ತೈತೆ."

"ನಿನ್ನ ಅಟ್ಟದಾಗೆ ಇಷ್ಟು ಚುರುಕಾಗಿ ಓಡ್ಸಿದ್ರೆ ಹೋದ್ವರ್ಸದ ಮಾಲು ಉಳೀತಿತ್ತು ಕಣ್ಲಾ."

"ಸುಮ್ಕಿರು ಭಾವ, ಎಣ್ಣೆ ಆಗೋಯ್ತದೆ."

ವಿಮರ್ಶೆ ಬರುವ ಮೊದಲೇ ಅದಕ್ಕೆ ತಕ್ಕಮಟ್ಟಿಗೆ ಜನ ಕೂಡಿದ್ದರು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆಕೆಗೆ ಬೇಕಾದದ್ದು ಅದೇ. ಇದನ್ನು ಹೀಗೇ ಬಿಟ್ಟುಬಿಡೋಣ, ಬರೆಯುವುದೇ ಬೇಡ ಎಂದು ಸಂಪಾದಕರನ್ನು ಕೇಳಿದೆ. "ಧಾರಣೆ ಕೆಳಗೆ ಖಾಲಿ ಬುಡಾಕಾಗ್ತದೇನಯ್ಯ? ನೀನು ಬರೀದಿದ್ರೆ ಬುಡು, ನಾನೇ ಬರೀತೀನಿ," ಎಂದರು. ಅವರು ಬರೆದರೆ ಹೊಗಳುತ್ತಿದ್ದರು. ಅವರು ಜೀವಮಾನದಲ್ಲಿ ಯಾವುದನ್ನೂ ಹೊಗಳದೆ ಬರೆದವರಲ್ಲ. ಹಾಗಾಗಿ ನಾನೇ ಬರೆಯುತ್ತೇನೆ, ಒಂದೆರಡು ವಾರ ಕೊಡಿ ಎಂದೆ.

ತೊಂದರೆ ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ. ಅದನ್ನು ಯಾರೂ ದಾಟುತ್ತಿರಲಿಲ್ಲ. ನನ್ನಂಥವನು ದಾಟದಿದ್ದರೆ ಆಶ್ಚರ್ಯವಿಲ್ಲ. ಭಾವಮೈದನ ಕೈ ಪಳಗಿದ್ದರೂ ಅವನ ದೀಪ ಪ್ರತಿ ಸಲ ಅಲ್ಲೇ ಆರುತ್ತಿತ್ತು. ವಿಮರ್ಶಕನಾಗಿ ನನಗೆ ಇದೊಂದು ಪ್ರಶ್ನೆ ತೀರ್ಮಾನವಾಗಲೇಬೇಕಿತ್ತು. ಆ ಮಹಡಿ ಕಷ್ಟವೋ, ಅಸಾಧ್ಯವೋ? ಕಷ್ಟವಾದರೆ ಅದು ಆಟದ ಹಿರಿಮೆ. ಅಸಾಧ್ಯವಾದರೆ ಮೋಸ.

ನ್ಯೂಸ್‌ಪ್ರಿಂಟಿನ ತುಂಡುಗಳನ್ನು ಅಂಟಿಸಿ ನಕ್ಷೆ ಬಿಡಿಸತೊಡಗಿದೆ. ದೀಪದ ಬಟ್ಟಲು ತೋರಿಸಿದಷ್ಟನ್ನು ಬಿಡಿಸುವುದು, ಸಾಯುವುದು, ಮತ್ತೆ ಮೊದಲ ಮಹಡಿಯಿಂದ ಶುರು. ಮಳೆಗಾಲದ ಕರೆಂಟು, ನಡುವೆ ಹೋದರೆ ಎಲ್ಲಾ ಹೋಯಿತು. ಭಾವಮೈದನನ್ನು ಬೇಡಿಕೊಂಡೆ: ಗೆಲ್ಲಲು ಆಡಬೇಡಪ್ಪ, ನಾಲ್ಕನೆಯದಕ್ಕೆ ಹೋಗಿ ನಾನು ಹೇಳಿದ ಗೋಡೆಯ ಉದ್ದಕ್ಕೂ ನಡೆದು ಸಾಯಿ ಎಂದು. ಅವನು ನನ್ನನ್ನು ಕನಿಕರದಿಂದ ನೋಡಿದ. "ಸಾಯಾಕೆ ಅಂತ್ಲೇ ಯಾರಾದ್ರೂ ಆಡ್ತಾರಾ ಸಾಮಿ?" ಆದರೂ ಆಡಿದ. ಬಲಗೋಡೆ ಮುಗಿಯಿತು. ಎಡಗೋಡೆ ಮುಗಿಯಿತು. ನಡುವಿನ ಓಣಿಗಳು ಒಂದೊಂದಾಗಿ ಕಾಗದದ ಮೇಲೆ ಇಳಿದವು. ಏಣಿ ಸಿಗಲಿಲ್ಲ, ಎಣ್ಣೆಯ ಕುಡಿಕೆಯೂ ಸಿಗಲಿಲ್ಲ. ಒಂದು ಮೂಲೆ ಮಾತ್ರ ಉಳಿಯಿತು. ಅಲ್ಲಿಗೆ ತಲುಪುವಷ್ಟು ಎಣ್ಣೆಯೇ ದೀಪದಲ್ಲಿ ಇರುತ್ತಿರಲಿಲ್ಲ. ಆ ಮೂಲೆಯಲ್ಲಿ ಎರಡೂ ಇರಬಹುದು, ಏನೂ ಇಲ್ಲದಿರಬಹುದು.

ಮೆಕ್ಯಾನಿಕ್ ಬಂದಾಗ ಕೇಳಿದೆ. ಅವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ: "ಒರಿಜಿನಲ್ ಅಲ್ಲ ಸಾರ್ ಇದು, ಕಾಪಿ ಮಾಡಿದ್ ಬೋರ್ಡು. ನಾಲ್ಕನೇದು ಕಾಪಿ ಆಗೈತೋ ಇಲ್ವೋ, ಯಾರಿಗ್ ಗೊತ್ತು? ಬೆಂಗಳೂರಲ್ಲೂ ಯಾರೂ ಕೇಳಿಲ್ಲ."

ಈ ನಡುವೆ ಅಣ್ಣ ಬಂದ. ನಾನು ಅಂಗಡಿಯಲ್ಲೇ ಇದ್ದೆ. ಎತ್ತರದ ಮನುಷ್ಯ, ಬಿಳಿ ಅಂಗಿ, ಮಾತು ಕಡಿಮೆ. ತಂಗಿಗೆಂದು ಹಲಸಿನ ಹಣ್ಣು ತಂದಿದ್ದ. ಒಳಗೆ ಬರದೆ ಬಾಗಿಲಲ್ಲೇ ನಿಂತು, ಗಂಡಸರ ಬೆನ್ನುಗಳನ್ನು ನೋಡಿದ.

"ಈ ಗದ್ಲದ ನಡುವೆ ಕೂತ್ಕಂಡಿರ್ತೀಯಲ್ಲವ್ವ. ಊರ್ನಾಗೆ ನಂಗೆ ಏನಂತಾರೆ ಗೊತ್ತಾ?"

"ಏನಂತಾರಣ್ಣ?"

"ತಂಗೀಗೆ ಹಿಡಿ ಅನ್ನ ಹಾಕಾಕಾಗ್ನಿಲ್ಲ ಅಂತಾರೆ."

"ಹಂಗಾದ್ರೆ ನೀನು ಅವ್ರಿಗೆ ಹೇಳು, ಅವ್ಳೇ ನಂಗೆ ಹಾಕ್ತಾಳೆ ಅಂತ. ಕೂತ್ಕ, ಕಾಫಿ ತರುಸ್ತೀನಿ."

ಅಣ್ಣ ಕೂರಲಿಲ್ಲ. ಕೋಪ ಮಾಡಿಕೊಂಡಂತೆಯೂ ಕಾಣಲಿಲ್ಲ. ಪೆಟ್ಟಿಗೆಯನ್ನೇ ಒಂದಿಷ್ಟು ಹೊತ್ತು ನೋಡಿದ, ನೆಂಟರ ಮನೆಯ ಕಾಯಿಲೆಯವರನ್ನು ನೋಡುವ ಹಾಗೆ. "ಇದು ಇರಾಗಂಟ ಅಂದಿದ್ದೆ. ಇರ್ಲಿ," ಎಂದು ಹೊರಟ.

ಆ ರಾತ್ರಿಯಲ್ಲ, ಅದರ ಮರುದಿನ ಹಗಲಿನಲ್ಲಿ, ಮುದ್ರಣಾಲಯದ ಗದ್ದಲದ ನಡುವೆ ಕೂತು ನಾನು ತೀರ್ಮಾನಕ್ಕೆ ಬಂದೆ. ಬೈದರೆ ಜನ ಬರುತ್ತಾರೆ, ಆಟ ತುಮಕೂರಿಗೆ ಹೋಗುತ್ತದೆ. ಇದೇ ಕೊನೆಯ ಬೋರ್ಡು, ಹಿಂದೆಯೇ ಪೆಟ್ಟಿಗೆಯೂ ಹೋಗುತ್ತದೆ. ಹೊಗಳಿದರೆ ಜನ ಬರುವುದಿಲ್ಲ, ಪೆಟ್ಟಿಗೆ ಗೋಡೌನಿಗೆ ಹೋಗುತ್ತದೆ. ನಾಲ್ಕನೆಯ ಮಹಡಿ ಮೋಸ ಎನ್ನಲು ನನ್ನ ಬಳಿ ಆಧಾರವಿಲ್ಲ; ಅಲ್ಲ ಎನ್ನಲೂ ಇಲ್ಲ. ಹಾಗಾದರೆ ತೀರ್ಪೇ ಇಲ್ಲದ ವಿಮರ್ಶೆ ಬರೆದರೆ? ಕಂಡದ್ದನ್ನು ಕಂಡ ಹಾಗೆ, ಒಂದೂ ವಿಶೇಷಣವಿಲ್ಲದೆ. ಆ ದಿನಗಳಲ್ಲಿ ನಾನು ಬರೆಯುತ್ತಿದ್ದ ಕಥೆಗಳಲ್ಲೂ ಇದೇ ಹಟ ಹಿಡಿದಿದ್ದೆ: ನಿರೂಪಕನಿಗೆ ಅಭಿಪ್ರಾಯ ಇರಕೂಡದು, ಕಣ್ಣು ಮಾತ್ರ ಇರಬೇಕು. ಈಗ ಅದಕ್ಕೊಂದು ಉಪಯೋಗ ಸಿಕ್ಕಿತು ಎನ್ನಿಸಿತು. ನಾನು ಉತ್ಸಾಹಗೊಂಡಿದ್ದೆ, ಅದನ್ನು ಒಪ್ಪಿಕೊಳ್ಳಬೇಕು.

ಆಕೆಗೆ ಓದಿ ತೋರಿಸಿದೆ. ಮನುಷ್ಯ, ದೀಪ, ಬಟ್ಟಲಿನಷ್ಟು ಬೆಳಕು. ಮೊದಲ ಮಹಡಿಯಲ್ಲಿ ಕಾಣುವುದು, ಎರಡನೆಯದರಲ್ಲಿ ಕಾಣುವುದು, ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಎಡಗೋಡೆ, ಬಲಗೋಡೆ, ಓಣಿಗಳು. 'ಇಲ್ಲಿಯವರೆಗೆ ಕಂಡಿದೆ' ಎಂದು ಮುಗಿಯುತ್ತಿತ್ತು.

"ಬೈದಿಲ್ವಲ್ಲ," ಎಂದಳು.

"ಹೊಗಳಿಯೂ ಇಲ್ಲ."

ಆಕೆ ಯೋಚಿಸಿದಳು. ಆ ಮುಖವನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅದರಲ್ಲಿ ಒಪ್ಪಿಗೆ ಇತ್ತೋ, ನನ್ನ ಮೇಲಿನ ದಾಕ್ಷಿಣ್ಯವಿತ್ತೋ ಇಂದಿಗೂ ಹೇಳಲಾರೆ. "ಓದಿದೋರು ನೀವು. ನಿಮಗೆ ಸರಿ ಕಂಡ್ರೆ ಹಾಕಿ," ಎಂದಳು.

ಪತ್ರಿಕೆ ಬಂತು. ಧಾರಣೆಯ ಕೆಳಗೆ, ಎಂದಿನ ಜಾಗದಲ್ಲಿ.

ಮುಂದಿನ ಟೆಂಡರ್ ದಿನ ಅಂಗಡಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದರ ಮುಂದಿನದಕ್ಕೆ ಅವರೂ ಇಲ್ಲ. ಮಳೆ ಎಂದುಕೊಂಡೆವು. ಕರೆಂಟು ಎಂದುಕೊಂಡೆವು. ಹುಳಿಯಾರು ಕಡೆಯ ಹಿರಿಯರನ್ನು ನಾನೇ ಮಾರುಕಟ್ಟೆಯೊಳಗೆ ಹುಡುಕಿಕೊಂಡು ಹೋದೆ. ತಮ್ಮ ಚೀಲಗಳ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

"ನೀವೇ ಬರ್ದಿದ್ರಲ್ಲ ಸಾಮಿ."

"ನಾನು ಕೆಟ್ಟದ್ದು ಏನೂ ಬರೆದಿಲ್ಲವಲ್ಲ ಯಜಮಾನರೇ. ಒಳ್ಳೆಯದು ಅಂತಲೂ ಬರೆದಿಲ್ಲ."

"ಅದೇ ಮತ್ತೆ." ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಆಗ ನಮ್ಮ ಎದುರಿನ ಸಾಲಿನಲ್ಲಿ ಒಬ್ಬ ಖರೀದಿದಾರ ಬರುತ್ತಿದ್ದ. ಹಿರಿಯರು ಗಲ್ಲದಲ್ಲೇ ಅವನತ್ತ ತೋರಿಸಿದರು. ಅವನು ಒಂದು ಚೀಲಕ್ಕೆ ಕೈ ಹಾಕಿ, ಕೊಬ್ಬರಿ ಎತ್ತಿ, ತಿರುಗಿಸಿ, "ಇದೇನಪ್ಪ, ಹೊಗೆ ಹಾಕಿ ಒಣಗ್ಸಿದೀಯಾ?" ಎಂದು ರೇಗಿದ. ರೈತ ಹಲ್ಲು ಬಿಟ್ಟು ನಕ್ಕ. ಮುಂದಿನ ಚೀಲ. ಎತ್ತಿದ, ತಿರುಗಿಸಿದ, ಎಲ್ಲಾ ಕಡೆ ನೋಡಿದ, ಮೆಲ್ಲಗೆ ಒಳಗಿಟ್ಟ. ಒಂದು ಮಾತಿಲ್ಲ. ಕೈ ಒರೆಸಿಕೊಂಡು ಮುಂದೆ ಹೋದ. ಆ ಚೀಲದವನು ಅವನ ಬೆನ್ನನ್ನು ನೋಡುತ್ತಾ ನಿಂತುಬಿಟ್ಟ.

"ಬೈದ್ರೆ ಒಂದು ಬೆಲೆ. ಹೊಗಳಿದ್ರೂ, ಹೋಗ್ಲಿ, ಒಂದು ಬೆಲೆ," ಎಂದರು ಹಿರಿಯರು. "ಎಲ್ಲಾನೂ ನೋಡಿ ಸುಮ್ಕೆ ಹೋದ ಅಂದ್ರೆ, ಅದು ಬಿಟ್ಟಿ ಕೊಟ್ರೂ ಬ್ಯಾಡ ಅಂತ. ನೀವು ಅಷ್ಟು ದಿನ ನಮ್ ಭಾವಮೈದನ ಕೈಲಿ ಮೂಲೆ ಮೂಲೆ ನೋಡ್ಸಿ, ಏನೂ ಹೇಳ್ದೆ ಎದ್ದೋದ್ರಿ. ಅಂಥಾ ಐಬು ಏನಿತ್ತು ಸಾಮಿ ಅದ್ರಾಗೆ? ನಮ್ಮೋನಿಗೆ ಇನ್ನೂ ಆಡೋ ಆಸೆ. ನಾನೇ ಬ್ಯಾಡ ಅಂದೆ."

ಐಬೇನೂ ಇಲ್ಲ, ನನಗೆ ಗೊತ್ತಾಗಲಿಲ್ಲ ಅಷ್ಟೆ ಎಂದು ಅವರಿಗೆ ಹೇಳಿದೆ. ಮುಂದಿನ ಸಂಚಿಕೆಯಲ್ಲಿ ಬೈದು ಬರೆಯುತ್ತೇನೆ ಎಂದೂ ಹೇಳಿದೆ. ಅವರು ತಲೆಯಾಡಿಸಿ, ಮಾಲು ನೋಡಿ ಮುಂದೆ ಹೋದವನು ವಾಪಸು ಬಂದು ಬೈದರೆ ಯಾರು ನಂಬುತ್ತಾರೆ ಎಂದರು.

ಆದರೂ ಬರೆದೆ. ಬೈಯಲು ಕಾರಣ ಹುಡುಕಿ ಹುಡುಕಿ ಬೈದೆ. ಸಂಪಾದಕರು ಅದನ್ನು ಹಾಕಿದರು ಕೂಡ. ಪ್ರಯೋಜನವಾಗಲಿಲ್ಲ. ನನ್ನ ಬರವಣಿಗೆಯೇ ಇದಕ್ಕೆಲ್ಲ ಕಾರಣ ಎಂದು ಹೇಳಿದರೆ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ಎಚ್ಚರದಿಂದ ಹೇಳುತ್ತೇನೆ: ಆ ವರ್ಷ ಮಳೆ ನಿಜವಾಗಿಯೂ ಹಿಡಿದಿತ್ತು, ಟೆಂಡರ್ ತೆರೆಯುವ ಹೊತ್ತನ್ನೂ ಆಗಲೇ ಸ್ವಲ್ಪ ಮುಂಚೆ ಮಾಡಿದ್ದರು, ರೈತರಿಗೆ ಮೊದಲಿನಷ್ಟು ಬಿಡುವು ಸಿಗುತ್ತಿರಲಿಲ್ಲ. ಯಾವುದರ ಪಾಲು ಎಷ್ಟು ಎಂದು ಬಿಡಿಸಲು ನನಗೆ ಆಗುವುದಿಲ್ಲ. ಆಕೆಗೆ ಅದರಿಂದ ಏನೂ ವ್ಯತ್ಯಾಸವಾಗುತ್ತಲೂ ಇರಲಿಲ್ಲ.

ಮೆಕ್ಯಾನಿಕ್ ಈ ಸಲ ಟೆಂಪೋ ತಂದಿದ್ದ. ಡಬ್ಬಿಯನ್ನು ಎತ್ತಿಯೂ ನೋಡಲಿಲ್ಲ. ಆಕೆ ವಾದ ಮಾಡಿದಳು, ಜೋರಾಗಿ. ಇನ್ನೊಂದು ತಿಂಗಳು ಎಂದಳು. ಅವನು, "ನಂದೇನೈತೆ ಮೇಡಂ, ನಾನು ಬಿಚ್ಚೋನು," ಎಂದ. ನಾನು ಯಜಮಾನನಿಗೆ ಫೋನು ಮಾಡಲು ಹೋದೆ. ಟ್ರಂಕ್ ಕಾಲ್ ಬುಕ್ ಮಾಡಿ ಕಾದೆ. ಲೈನು ಸಿಗಲಿಲ್ಲ. ವಾಪಸು ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಟೆಂಪೋಗೆ ಹತ್ತಿಸಿ ಹಗ್ಗ ಬಿಗಿಯುತ್ತಿದ್ದರು. ಹಗಲ ಬೆಳಕಿನಲ್ಲಿ ಅದು ಯಾರದೋ ಮನೆಯ ಹಳೆಯ ಬೀರುವಿನಂತೆ ಕಾಣುತ್ತಿತ್ತು.

ಅಣ್ಣನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಮಧ್ಯಾಹ್ನಕ್ಕೆ ಊರಿಗೆ ಬಂದಿದ್ದ. ಅಂಗಡಿಗೆ ಬಂದಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುವುದಾಗಿ ಹೇಳಿ ಕಳಿಸಿದ್ದ. ಆಕೆ ಖಾಲಿ ಅಂಗಡಿಯ ನಡುವೆ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ನಾನು ಏನೋ ಹೇಳಲು ಹೋದೆ.

"ನೀವೇನೂ ಹೇಳ್ಬ್ಯಾಡಿ," ಎಂದಳು. ಕೋಪವಿರಲಿಲ್ಲ, ಸುಸ್ತಿತ್ತು. "ಒಂದು ಉಪ್ಕಾರ ಮಾಡಿ. ನಮ್ಮಣ್ಣ ಸ್ಟ್ಯಾಂಡಲ್ಲವ್ನೆ. ನಾಳೆ ಬತ್ತಾಳಂತೆ ಅಂತ ಹೇಳ್ಬುಡಿ. ಇವತ್ತೊಂದು ದಿನ ನಾನೇ ಬಾಗ್ಲು ಹಾಕ್ಕತೀನಿ."

ತುರುವೇಕೆರೆ ಬಸ್ಸು ನಿಂತಿತ್ತು. ಕಿಬ್ಬನಹಳ್ಳಿ ಕಡೆಗೆ ಹೋಗುವವರೂ ಅದಕ್ಕೇ ಮುಗಿಬಿದ್ದಿದ್ದರು. ಅಣ್ಣ ಒಳಗೆ ಕೂತಿದ್ದ. ಪಕ್ಕದ ಕಿಟಕಿಯ ಸೀಟಿನ ಮೇಲೆ ತನ್ನ ಟವೆಲ್ ಹಾಸಿದ್ದ. ನಾನು ಹೊರಗಿನಿಂದ ಕಿಟಕಿಯ ಸರಳು ಹಿಡಿದು ಹೇಳಿದೆ: ನಿಮ್ಮ ತಂಗಿ ಇವತ್ತು ಬರುವುದಿಲ್ಲವಂತೆ, ನಾಳೆ ಬರುತ್ತಾರಂತೆ.

ಅವನು ನನ್ನನ್ನು ದಿಟ್ಟಿಸಿ ನೋಡಿದ. "ನೀವ್ಯಾರ್ರೀ?"

ಪತ್ರಿಕೆಯವನು ಎಂದೆ.

"ಅದು ಗೊತ್ತು. ಅವಳಿಗೆ ನೀವು ಯಾರು ಅಂದೆ."

ನಾನು ಅಲ್ಲಿಯ ಆಟಗಳ ಬಗ್ಗೆ ಬರೆಯುತ್ತಿದ್ದೆ ಎಂದೆ. ಅವನು ಪಕ್ಕದ ಸೀಟಿನ ಟವೆಲನ್ನು ಸರಿಮಾಡಿದ. ಬಸ್ಸಿನೊಳಗೆ ಜನ ತುಂಬುತ್ತಲೇ ಇದ್ದರು. ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬಾಕೆ ಟವೆಲ್ ಹಾಸಿದ ಸೀಟನ್ನು ತೋರಿಸಿ, "ಯಾರಾದ್ರೂ ಬತ್ತಾರೇನಣ್ಣ?" ಎಂದಳು.

"ಬತ್ತಾರೆ," ಎಂದ ಅವನು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಅವನು ಟವೆಲ್ ತೆಗೆಯಲಿಲ್ಲ.